ಉಪ್ಪು ಹಚ್ಚಿದ ಮರಿ

ನಾನು ಇಂಗ್ಲಿಷ್ ಕಲಿತದ್ದು ಕುರಿಯಿಂದ ತಪ್ಪಿಸಿಕೊಳ್ಳುವುದಕ್ಕೆ. ಮೂವತ್ತು ವರ್ಷ ಪಾಠ ಹೇಳಿದರೂ ಈ ಗುಟ್ಟನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ‘ಇಂಗ್ಲಿಷ್ ಜಗತ್ತಿನ ಕಿಟಕಿ’ ಎಂದು ಚಳ್ಳಕೆರೆಯ ಶಾಲೆಯ ಗೋಡೆಗೆ ಬರೆಸಿದವಳೂ ನಾನೇ. ಆದರೆ ನಮ್ಮೂರು ದೊಡ್ಡಉಳ್ಳಾರ್ತಿಯಲ್ಲಿ ಬೆಳಗ್ಗೆ ಎದ್ದು ಕುರಿಹಿಕ್ಕೆ ಗುಡಿಸುತ್ತಿದ್ದ ಹುಡುಗಿಗೆ ಕಿಟಕಿ ಎಲ್ಲಿ ಸಾಕಾದೀತು? ಬಾಗಿಲೇ ಬೇಕಾಗಿತ್ತು. ಇಂಗ್ಲಿಷ್ ಮೇಡಂ ಉಡುವ ಸೀರೆಗೆ ಕುರಿವಾಸನೆ ಇರುವುದಿಲ್ಲ ಎಂಬುದಷ್ಟೇ ನನಗೆ ಆಗ ಗೊತ್ತಿದ್ದ ಇಂಗ್ಲಿಷ್.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬಹುದಿತ್ತು. ಕೂತರೆ ನಾನು ನಾನಾಗುವುದು ಹೇಗೆ? ಹೊರದೇಶದ ಹಳ್ಳಿಗಳಿಗೆ ಸಂಬಳವಿಲ್ಲದ ಇಂಗ್ಲಿಷ್ ಶಿಕ್ಷಕರನ್ನು ಕಳಿಸುವ ಒಂದು ಸಂಸ್ಥೆಗೆ ಅರ್ಜಿ ಹಾಕಿ, ‘ಎಲ್ಲಿಗಾದರೂ ಸರಿ’ ಎಂದು ದೊಡ್ಡ ಮನಸ್ಸು ಮಾಡಿ ಬರೆದೆ. ಅವರು ಮಂಗೋಲಿಯಾಕ್ಕೆ ಹಾಕಿದರು. ಗಾಡಿ ಇಳಿದು ನೋಡುತ್ತೇನೆ: ಮನುಷ್ಯರು ಅಲ್ಲೊಬ್ಬರು ಇಲ್ಲೊಬ್ಬರು, ಉಳಿದದ್ದೆಲ್ಲ ಕುರಿ! ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂತಾರಲ್ಲ, ಹಾಗಾಯಿತು.

ನನಗೆ ಜಾಗ ಕೊಟ್ಟವಳು ಓಯುನಾ ಎಂಬ ಅರವತ್ತರ ಹೆಂಗಸು. ಊರಂಚಿನಲ್ಲಿ ಅವಳ ದುಂಡನೆಯ ಉಣ್ಣೆಗುಡಾರ, ಪಕ್ಕದಲ್ಲಿ ಕುರಿಹಟ್ಟಿ. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಭಾಷೆ ಬಾರದು. ನಡುವೆ ಇದ್ದದ್ದು ಚಹಾ ಒಂದೇ, ಅದಕ್ಕೋ ಉಪ್ಪು! ಮೊದಲ ದಿನ ಕೈತಪ್ಪಿ ಹಾಕಿದಳು ಎಂದುಕೊಂಡೆ. ಎರಡನೆಯ ದಿನ ಯಾವ ಜನ್ಮದ ಹಗೆಯೋ ಎಂದುಕೊಂಡೆ. ಮೂರನೆಯ ದಿನದಿಂದ ಅವಳು ಅತ್ತ ತಿರುಗಿದ ಕೂಡಲೇ ಬಾಗಿಲಾಚೆಯ ಹಿಮಕ್ಕೆ ಸುರಿಯತೊಡಗಿದೆ. ಬಿಳಿ ಹಿಮದ ಮೇಲೆ ಕಂದು ಕಲೆ ಎದ್ದು ಕಾಣುತ್ತದೆ ಎಂಬ ಬುದ್ಧಿ ಬಯಲುಸೀಮೆಯವಳಿಗೆ ಎಲ್ಲಿಂದ ಬರಬೇಕು? ಓಯುನಾ ನೋಡಿದಳು. ಮಾರನೆಯ ದಿನದಿಂದ ಅರ್ಧ ಬಟ್ಟಲು ಕೊಟ್ಟಳು, ಅಷ್ಟೆ.

ಉಪ್ಪಿನ ವಿಷಯದಲ್ಲಿ ನಮ್ಮ ಹಿರಿಯರು ಬೇಕಾದಷ್ಟು ಯೋಚಿಸಿದ್ದಾರೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು. ಕೈಯಿಂದ ಕೈಗೆ ಕೊಟ್ಟರೆ ಜಗಳ. ಆದರೆ ಚಹಾಕ್ಕೆ ಹಾಕಿ ಕೊಟ್ಟವರಿಗೆ ಏನು ಮಾಡಬೇಕೆಂದು ಒಬ್ಬರೂ ಹೇಳಿಟ್ಟಿಲ್ಲ.

ಅಷ್ಟರಲ್ಲಿ ಕುರಿಗಳು ಮರಿ ಹಾಕುವ ಕಾಲ ಬಂತು. ನನ್ನ ತರಗತಿಯ ಹನ್ನೆರಡು ಮಕ್ಕಳು ಐದಾದರು, ಐದು ಎರಡಾಯಿತು, ಒಂದು ಸೋಮವಾರ ಬೆಂಚುಗಳಿಗೆ ‘ಗುಡ್ ಮಾರ್ನಿಂಗ್’ ಹೇಳಿ ಬಂದೆ. ಎಲ್ಲರೂ ಹಟ್ಟಿಯಲ್ಲಿದ್ದರು. ಕುರಿ ಇಲ್ಲಿಯೂ ನನ್ನನ್ನು ಗೆದ್ದಿತು ಎಂದು ಸಿಟ್ಟು ಬಂತು, ಅಳುವೂ ಬಂತು. ‘ಊರಿಗೆ ಹೋಗುತ್ತೇನೆ, ಟಿಕೆಟ್ ಮಾಡಿಸಿ’ ಎಂದು ಸಂಸ್ಥೆಗೆ ಫೋನಿನಲ್ಲೇ ಪತ್ರ ಬರೆದಿಟ್ಟೆ. ಕಳಿಸುವ ಮೊದಲು ಓಯುನಾಳಿಗೆ ಹೇಗಾದರೂ ತಿಳಿಸೋಣವೆಂದು ಹಟ್ಟಿಗೆ ಹೋದೆ.

ಅಲ್ಲಿ ಒಂದು ಕುರಿ ಮರಿ ಹಾಕಿ ಸತ್ತಿತ್ತು, ಇನ್ನೊಂದರ ಮರಿ ಸತ್ತಿತ್ತು. ಉಳಿದ ತಬ್ಬಲಿಯನ್ನು ಉಳಿದ ತಾಯಿಗೆ ಒಪ್ಪಿಸಬೇಕು. ಆ ಕಡೆಯವರು ಹಾಡಿ ಒಪ್ಪಿಸುತ್ತಾರೆ. ಓಯುನಾ ಮಂಡಿಯೂರಿ ‘ತೋಯ್ಗ್, ತೋಯ್ಗ್’ ಎಂದು ಜೋಗುಳದಂಥದನ್ನು ಹಾಡುತ್ತಿದ್ದಳು. ಕುರಿ ಹಾಡನ್ನೂ ಕೇಳುತ್ತಿತ್ತು, ಮರಿಯನ್ನೂ ಒದೆಯುತ್ತಿತ್ತು. ಮೂರು ಸಲ ಬಿದ್ದು ಎದ್ದ ಮರಿ ನಾಲ್ಕನೆಯ ಸಲ ಏಳಲಿಲ್ಲ. ಹಾಡಿ ಹಾಡಿ ಓಯುನಾಳ ದನಿ ಒಡೆದಿತ್ತು.

ಆ ಹೊತ್ತಿಗೇ ಅವ್ವನ ವಿಡಿಯೋ ಕಾಲ್. ಎಂಬತ್ತರ ಅವ್ವನಿಗೆ ನನ್ನ ಮುಖ ಕಾಣುವ ಮೊದಲು ಹಿಂದಿನ ಕುರಿ ಕಂಡಿತು.

“ಅದ್ಯಾಕೆ ಮರೀನ ಒದೀತೈತೆ?”

“ಅದ್ರ ಮರಿ ಅಲ್ಲವ್ವ. ಒಪ್ತಾ ಇಲ್ಲ.”

“ಒಪ್ದೆ ಏನ್ ಮಾಡ್ತೈತೆ? ಅದರ ಹಾಲೇ ಹಿಂಡಿ ಮರಿ ಮೈಗೆ ಹಚ್ಚು, ಬಾಲದ ತಾವ ಜಾಸ್ತಿ. ಮ್ಯಾಲೆ ಉಪ್ಪು ತಿಕ್ಕು. ಉಪ್ಪಿನಾಸೆಗೆ ನೆಕ್ಕತೈತೆ, ನೆಕ್ಕಿದ್ ಮ್ಯಾಲೆ ಎಲ್ಲಿಗ್ ಹೋಗ್ತೈತೆ? ಅಷ್ಟ್ ಓದಿದೀಯ, ಇದನ್ನ ಮರ್ತುಬಿಟ್ಯಾ?”

ಗುಡಾರಕ್ಕೆ ಓಡಿ ಚಹಾದ ಉಪ್ಪಿನ ಡಬ್ಬಿ ತಂದೆ. ಅವ್ವ ಬಲವಂತವಾಗಿ ಪೆಟ್ಟಿಗೆಗೆ ತುರುಕಿದ್ದ ಕಂಬಳಿಯಿಂದ ಮರಿಯ ಮೈ ಉಜ್ಜಿದೆ. ಓಯುನಾ ಕುರಿಯನ್ನು ಹಿಡಿದಳು, ನಾನು ಹಿಂಡಿದೆ. ಮೂವತ್ತು ವರ್ಷ ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿಯದ ಬೆರಳಿಗೆ ಕೆಚ್ಚಲು ನೆನಪಿತ್ತು! ಹಾಲು ಹಚ್ಚಿ, ಉಪ್ಪು ತಿಕ್ಕಿ, ಮರಿಯನ್ನು ಕುರಿಯ ಮೂತಿಗೆ ಹಿಡಿದೆ. “ತಗಳವ್ವ ತಾಯಿ, ನಿಂದೇ ಕಣೆ,” ಎಂದು ಕನ್ನಡದಲ್ಲೇ ಬೇಡಿಕೊಂಡೆ. ಓಯುನಾ ಒಡೆದ ದನಿಯಲ್ಲೇ ಹಾಡಿದಳು. ಕುರಿ ಒಂದು ಸಲ ನೆಕ್ಕಿತು. ನಿಂತಿತು. ಮತ್ತೆ ನೆಕ್ಕಿತು. ಸ್ವಲ್ಪ ಹೊತ್ತಿಗೆ ಮರಿ ಕೆಚ್ಚಲ ಕೆಳಗೆ ಬಾಲ ಅಲ್ಲಾಡಿಸುತ್ತಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತುಬಿಟ್ಟೆವು. ಹಾಡಿನಿಂದ ಆಯಿತೆಂದು ಓಯುನಾ, ಉಪ್ಪಿನಿಂದ ಆಯಿತೆಂದು ಅವ್ವ. ಆ ವ್ಯಾಜ್ಯ ಇನ್ನೂ ಬಗೆಹರಿದಿಲ್ಲ.

“ಫೋನ್ ತಿರುಗ್ಸು, ಕಾವಲು ನೋಡ್ತೀನಿ,” ಎಂದಳು ಅವ್ವ. ತಿರುಗಿಸಿದೆ. ನಮ್ಮೂರ ಕುರಿಗಳೆಲ್ಲ ಮೇಯುತ್ತಿದ್ದ ಹುಲ್ಲುಬಯಲು, ಆ ಕಾವಲಿಗೆ ಈಗ ಉದ್ದಕ್ಕೂ ಸರ್ಕಾರದವರ ಗೋಡೆ ಬಂದಿದೆ, ಕುರಿಯನ್ನು ಒಳಗೆ ಬಿಡುವುದಿಲ್ಲ.

“ಗೋಡೆ ಎಲ್ಲೈತೆ?”

“ಇಲ್ಲವ್ವ.”

“ಒಂದೂ ಇಲ್ವಾ?”

ಪರದೆಯ ತುಂಬ ಅವ್ವನ ಒಂದು ಕಣ್ಣಷ್ಟೇ ಕಂಡಿತು. ಆಮೇಲೆ, “ಒಂದಷ್ಟ್ ದಿನ ಅಲ್ಲೇ ಇರು ಮಗಾ. ನನಗೂ ದಿನಾ ತೋರ್ಸು,” ಅಂದಳು.

ನಾನು ಪತ್ರ ಅಳಿಸಿದೆ. ಮಾರನೆಯ ದಿನ ಉಪ್ಪು ತಿಕ್ಕುವ ಮೇಡಮ್ಮನ್ನು ನೋಡಲು ಮಕ್ಕಳು ಹಟ್ಟಿಗೇ ಬಂದರು. ಅಲ್ಲೇ ಪಾಠ ಶುರುವಾಯಿತು: ಮಿಲ್ಕ್, ಟೇಲ್, ಸಾಲ್ಟ್. ಈಗ ನನ್ನ ಸೀರೆಗೂ ಕುರಿವಾಸನೆ ಹತ್ತಿದೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು, ಕನ್ನಡ ಮೇಷ್ಟ್ರು ಬರದ ದಿನಗಳಲ್ಲಿ, ಎಷ್ಟೋ ಮಕ್ಕಳಿಂದ ವಿಸ್ತರಿಸಿ ಬರೆಸಿದ್ದೇನೆ. ಉಪ್ಪು ಮೊದಲು, ಬಂಧು ಆಮೇಲೆ ಯಾಕೆ ಬಂತೆಂದು ಹೊಳೆದದ್ದು ಆ ಹಟ್ಟಿಯಲ್ಲಿ. ಕುರಿ ಒಪ್ಪಿಕೊಂಡ ಆ ಸಂಜೆ ಓಯುನಾ ಎಂದಿನಂತೆ ಅರ್ಧ ಬಟ್ಟಲು ಚಹಾ ತಂದಿಟ್ಟಳು. ಎರಡೂ ಕೈಯಲ್ಲಿ ಹಿಡಿದು ಕುಡಿದೆ. ತುಟಿ ನೆಕ್ಕಿಕೊಂಡು ಇನ್ನಷ್ಟು ಎಂದು ಬಟ್ಟಲು ಚಾಚಿದೆ. ಅವಳು ಅಂಚಿನ ತನಕ ಸುರಿದು, ನನ್ನ ಪಕ್ಕದಲ್ಲಿ ಮಂಡಿಯೂರಿ, ಬೆನ್ನು ಸವರುತ್ತಾ, ನಗು ತಡೆದುಕೊಂಡು ಮೆಲ್ಲಗೆ ಹಾಡತೊಡಗಿದಳು: ‘ತೋಯ್ಗ್, ತೋಯ್ಗ್...’