ಎರಡು ಬೆರಳಿನ ಚಹಾ

ಇಚಲಕರಂಜಿಯ ಮಾಣಿಕಬಾಯಿಗೆ ಬುಕ್ ಕ್ಲಬ್ ಅಂದರೆ ಮೈಯೆಲ್ಲ ಉರಿ. ಸೊಸೆ ಮನಾಲಿ ವಾರಕ್ಕೊಮ್ಮೆ ಇಸ್ತ್ರಿ ಸೀರೆ ಉಟ್ಟು, ಕಂಕುಳಲ್ಲಿ ಮರಾಠಿ ಕಾದಂಬರಿ ಇಟ್ಟುಕೊಂಡು ಹೊರಟಳೆಂದರೆ ಮುದುಕಿ ಮೂಗು ಮುರಿಯುತ್ತಿದ್ದಳು.

"ಮನ್ಯಾಗ ಕುಂತು ಓದಿದ್ರ ಅಕ್ಷರ ಮುನಿಸ್ಕೋತಾವೇನ?"

ಮಾಣಿಕಬಾಯಿಯ ಆಯುಷ್ಯವೆಲ್ಲ ಮಗ್ಗದ ಶೆಡ್ಡಿನ ಮೇಲಿನ ಮನೆಯಲ್ಲೇ ಸವೆದಿತ್ತು. ಕೆಳಗಿನ ಖಟಖಟದಲ್ಲಿ ಮಾತು ಕೇಳಿಸದು. ಅದಕ್ಕೇ ಶೆಡ್ಡಿನವರದು ಕೈಸನ್ನೆ. ಗಂಡ ಧನಪಾಲ ಆ ಸನ್ನೆಯನ್ನೇ ಮೆಟ್ಟಿಲು ಹತ್ತಿಸಿ ಮನೆಗೆ ತಂದಿದ್ದ. ಎರಡು ಬೆರಳೆತ್ತಿದರೆ ಚಹಾ, ಅಂಗೈ ತೋರಿಸಿದರೆ ನಿನ್ನ ಮಾತು ಸಾಕು. ಮಗ್ಗ ನಿಂತ ದಿನವೂ ಅಷ್ಟೇ. ಹೆಂಡತಿಯ ಜೊತೆ ಮಾತಾಡಿದರೆ ಮಹಾಶಯನ ನಾಲಿಗೆ ಸವೆಯುತ್ತಿತ್ತು! ಮಾಣಿಕಬಾಯಿ ಒಂದು ಮಾತನ್ನೂ ಕೊನೆ ಮುಟ್ಟಿಸಿದವಳಲ್ಲ.

ಸೊಸೆಯ ಬಣ್ಣ ಬಯಲು ಮಾಡುತ್ತೇನೆಂದು ಒಂದು ದಿನ ಅವಳ ಬೆನ್ನಿಗೇ ಹೋದಳು. ಕ್ಲಬ್ಬು ನಡೆಸುವ ನೂತನಳ ಮನೆಯಲ್ಲಿ ಮುದುಕಿ ಅಂದುಕೊಂಡದ್ದೇ ನಡೆದಿತ್ತು. ಒಬ್ಬಳು ಪುಸ್ತಕದ ಹಿಂಬದಿಯ ನಾಲ್ಕು ಸಾಲು ಓದಿ ಪಂಡಿತೆಯಾಗಿದ್ದಳು. ಇನ್ನೊಬ್ಬಳ ಕಣ್ಣು ಪಕ್ಕದವಳ ಬಳೆಯ ಮೇಲೆ. ಕಾದಂಬರಿಯ ನಾಯಕಿ ಗಂಡನನ್ನು ಯಾಕೆ ಬಿಟ್ಟಳೆಂದು ಚರ್ಚೆ. ಆರು ಹೆತ್ತವಳ ಮುಂದೆ ಮೂರು ಹೆತ್ತವಳು ಆಚಾರ ಹೇಳಿದಂತೆ! ಮಾಣಿಕಬಾಯಿ ತಡೆಯಲಾರದೆ ಎದ್ದಳು.

"ಸಂಸಾರ ಅಂದ್ರ ಏನಂತ ಗೊತ್ತೈತೇನ್ರವಾ ನಿಮಗ?" ಅಂದವಳು, ಯಾರಾದರೂ ಅಂಗೈ ತೋರಿಸುತ್ತಾರೆಂದು ಕಾದಳು. ಯಾರೂ ತೋರಿಸಲಿಲ್ಲ.

"ಹೇಳ್ರಿ ಕಾಕೂ," ಅಂದಳು ನೂತನ. "ಒಬ್ರ ಮಾತ ಮುಗಿಯೂತನಕ ನಡುವ ಬಾಯಿ ಹಾಕಬಾರ್ದು ಅನ್ನೂದು ನಮ್ಮ ನೇಮ."

ಬೈಗುಳ ಬೇಗ ತೀರಿತು. ಆಮೇಲೆ ಅಕಿವಾಟದ ತವರು ಬಂತು, ಧನಪಾಲನ ಬೆರಳು ಬಂತು, ನುಂಗಿಕೊಂಡಿದ್ದ ಅರ್ಧರ್ಧ ಮಾತುಗಳೆಲ್ಲ ಬಂದವು. ತನ್ನ ದನಿ ಇಷ್ಟು ಮೆತ್ತಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಅಳು ಬಂತು, ಆಗಲೂ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಮುಂದಿನ ವಾರ ಸೊಸೆಗಿಂತ ಮೊದಲು ಚಪ್ಪಲಿ ಮೆಟ್ಟಿದ್ದು ಅವಳೇ. "ಎಲ್ಲಾರೂ ಅರೆಬರೆ ಓದಿದಾವ್ರು," ಎಂದು ದಾರಿಯುದ್ದಕ್ಕೂ ಬೈದಳು.

ಆ ಸಂಜೆ ಧನಪಾಲ ಎರಡು ಬೆರಳೆತ್ತಿದ. ಪುಸ್ತಕ ಹಿಡಿದು ಕುಳಿತ ಮಾಣಿಕಬಾಯಿ ಏಳಲಿಲ್ಲ. ಬೆರಳು ಅವಳ ಮೂಗಿನ ತನಕ ಬಂತು.

"ಬಾಯಿಲೆ ಹೇಳ್ರಿ."

ಅವನು ಸೊಸೆಯ ಕಡೆ ನೋಡಿದ. ಅವಳೂ ಪುಸ್ತಕದಿಂದ ತಲೆ ಎತ್ತಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಚಹಾ..." ಅಂದ.

"ಚಹಾಕ್ಕ ಏನಾತು? ಪೂರಾ ಹೇಳ್ರಿ," ಅಂದಳು ಮಾಣಿಕಬಾಯಿ. "ನಾ ನಡುವ ಬಾಯಿ ಹಾಕೂದಿಲ್ಲ."