ಹಳೇ ಡಬ್ಬದಲ್ಲಿ ಅತ್ತೆಯ ಎಮ್ಮೆಗಳು

ಯಾವುದಾದರೂ ಹಿಡಿಸದಿದ್ದರೆ ನಮ್ಮ ಅತ್ತೆಯ ಕೆಳತುಟಿ ಮುಂದಕ್ಕೆ ಬರುತ್ತಿತ್ತು. ಎಲೆ ಅಡಿಕೆಯಿಂದ ಕೆಂಪಗಾಗಿದ್ದ ಆ ತುಟಿ ದಿನದ ಬಹುಪಾಲು ಮುಂದೆಯೇ ಇರುತ್ತಿತ್ತು. ಸೊಸೆ ಮಾಡಿದ ಸಾರು, ಟಿ.ವಿ.ಯಲ್ಲಿ ಅಳುವ ಹೆಂಗಸರು, ವೈದ್ಯನಾಥಪುರದ ಗುಡಿ ನೋಡಲು ಕಾರಿನಲ್ಲಿ ಬಂದು ಹೊಳೆ ದಂಡೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರು, ಎಲ್ಲರಿಗೂ ಅದೇ ತುಟಿ. ಹಿಂದೆಯೇ ಮಾತು. "ಬುಡು, ಮೂತಿ ನೋಡು ಅದ್ರದ್ದು."

ಅವಳು ನನ್ನ ಅಪ್ಪನ ಅಕ್ಕ. ಹೊಳಲಿನಿಂದ ವೈದ್ಯನಾಥಪುರಕ್ಕೆ ಸೊಸೆಯಾಗಿ ಬಂದವಳು. ಗಂಡ ಬೇಗ ಹೋದ ಮೇಲೆ ಎಮ್ಮೆ ಕಟ್ಟಿ, ಹಾಲು ಹಾಕಿ, ಒಬ್ಬನೇ ಮಗನನ್ನು ಓದಿಸಿದಳು. ಮನುಷ್ಯರಲ್ಲಿ ಯಾರ ಮೇಲೂ ಅವಳಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಎಮ್ಮೆಗಳ ಮೇಲೆ ಮಾತ್ರ ಇತ್ತು. "ಎಮ್ಮೆಗೆ ನಾಟ್ಕ ಬರಾಕಿಲ್ಲ ಕಣಮ್ಮಿ" ಎನ್ನುತ್ತಿದ್ದಳು. ಅವಳ ಮಗ ನನಗೆ ವರಸೆಯಲ್ಲಿ ಭಾವ. ಒಂದು ಕಾಲದಲ್ಲಿ ಅವನಿಗೇ ನನ್ನನ್ನು ಕೊಡುವ ಮಾತು ನಡೆದಿತ್ತಂತೆ. ಅತ್ತೆಯೇ ತಪ್ಪಿಸಿದಳು. "ನೀನ್ ಬಚಾವಾದೆ" ಎಂದು ಅವನ ಎದುರಿಗೇ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಕೊಟ್ಟಿಗೆಯ ಹಿಂದಿನ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅವಳು ಅಲ್ಲಿರುವಾಗಲೇ ಭಾವ ಎಮ್ಮೆಗಳನ್ನೆಲ್ಲ ಮಳವಳ್ಳಿ ಕಡೆಯ ದಲ್ಲಾಳಿಗೆ ಮಾರಿ ಕೈ ತೊಳೆದುಕೊಂಡ. ಒಂದು ಮಾತು ಕೇಳಲಿಲ್ಲ. ಮನೆಗೆ ಕರೆತಂದ ದಿನ ಅತ್ತೆ ಕಾರನ್ನು ಮೊದಲು ಕೊಟ್ಟಿಗೆಯ ಮುಂದೆ ನಿಲ್ಲಿಸಲು ಹೇಳಿದಳು. ಕಿಟಕಿಯಿಂದಲೇ ನೋಡಿದಳು. ಖಾಲಿ ಗೂಟಗಳು, ಒದ್ದೆ ನೆಲ. ತುಟಿ ಮುಂದಕ್ಕೆ ಬಂತು.

"ತೊಳ್ದೂ ಬುಟ್ಟವ್ನೆ," ಎಂದಳು. "ಉಟ್ಟಿದಾಗಿಂದ ಒಂದ್ಸಲ ಸಗಣಿ ಬಾಚ್ದೋನಲ್ಲ."

"ಇನ್ ಯಾರವ್ವ ನೋಡ್ಕೋತಾರೆ? ನಿಂಗೆ ಆಗಾಕಿಲ್ಲ," ಎಂದ ಭಾವ.

ಅತ್ತೆಯನ್ನು ಎತ್ತಿ ಒಳಗೆ ಕರೆದೊಯ್ದರು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ದಿನಾ ಎದ್ದು ಕೂರದಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಎಬ್ಬಿಸಲು ಹೋದವರಿಗೆಲ್ಲ ಬೈಗುಳ. ಕೊನೆಕೊನೆಗೆ ಬೈಗುಳವೂ ನಿಂತಿತು. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ನಾನು ಮದ್ದೂರಿನ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಶಾಲೆಯವರು ಮೂಲೆಗೆ ಎಸೆದಿದ್ದ ಒಂದು ಹಳೇ ಕಂಪ್ಯೂಟರನ್ನು ಕೇಳಿ ತಂದು ಅತ್ತೆಯ ಮಂಚದ ಪಕ್ಕ ಇಟ್ಟೆ. ಬೇಸಾಯದ ಆಟವೊಂದನ್ನು ಹಾಕಿದೆ. ಹೊಲ ಉಳಬಹುದು, ದನ ಸಾಕಬಹುದು. ಅತ್ತೆ ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿದಳು.

"ಯಾವ ಊರೇ ಅದು?"

"ಫಾರಿನ್ ಅತ್ತೆ."

"ಅದ್ಕೇಯ ಒಂದ್ ತೊಪ್ಪೆ ಸಗಣಿ ಕಾಣಾಕಿಲ್ಲ."

ಆ ಹಸುಗಳನ್ನು ಸರಿಯಾಗಿ ಬೈಯಬೇಕಾದರೆ ಸರಿಯಾಗಿ ನೋಡಬೇಕು, ನೋಡಬೇಕಾದರೆ ಎದ್ದು ಕೂರಬೇಕು. ದಿಂಬಿಗೆ ಒರಗಿ ಕೂತಳು. ನನಗೆ ಅಷ್ಟು ಸಾಕಾಗಿತ್ತು.

ಇಂಥ ಆಟಗಳಿಗೆ ಮಾಡ್ ಅಂತ ಇರುತ್ತವೆ. ಆಟ ಮಾಡಿದ ಕಂಪನಿಯಲ್ಲ, ಯಾರೋ ಆಡುವವರೇ ಮನೆಯಲ್ಲಿ ಕೂತು ಹೊಸ ಗಾಡಿ, ಹೊಸ ಬೆಳೆ, ಹೊಸ ಪ್ರಾಣಿ ತಯಾರಿಸಿ ಹಂಚುತ್ತಾರೆ. ನಾನು ಹುಡುಕಿ ಹುಡುಕಿ ಕಬ್ಬಿನ ಗದ್ದೆ ಹಾಕಿದೆ, ಹೆಂಚಿನ ಮನೆ ಹಾಕಿದೆ, ತೆಂಗಿನ ಮರ ಹಾಕಿದೆ, ಎತ್ತಿನ ಗಾಡಿ ಹಾಕಿದೆ. ಕೊನೆಗೆ ಎಮ್ಮೆಯನ್ನೂ ಹಾಕಿ ಆಟ ತೆರೆದೆ. ಎಮ್ಮೆ ಕಾಣಿಸಿತು, ಒಂದು ಹೆಜ್ಜೆ ಇಟ್ಟಿತು, ಪರದೆ ನಿಂತುಹೋಯಿತು. ಮೆಮೊರಿ ಸಾಲದು ಎಂಬ ಚೀಟಿಯೊಂದು ಮೂಡಿತು.

"ಏನಾಯ್ತೇ?"

"ಎಲ್ಲಾನೂ ಒಟ್ಟಿಗೆ ಹಿಡ್ಕೊಳಕ್ಕೆ ಇದರಲ್ಲಿ ಜಾಗ ಸಾಲ್ತಿಲ್ಲ ಅತ್ತೆ. ಹಳೇದು. ಹೆಚ್ಚಿಗೆ ಹಾಕ್ಸೋಣ ಅಂದ್ರೆ ಇನ್ನೊಂದು ಮೆಮೊರಿ ತುಂಡು ಹಾಕಕ್ಕೂ ಬರಲ್ಲ."

"ಒಂದ್ ಎಮ್ಮೆ ಕಟ್ಟಾಕಾಕೆ ಜಾಗ ಇಲ್ದಿರೋ ಡಬ್ಬವ ಒತ್ಕೊಂಡ್ ಬಂದೆಯಲ್ಲ," ಎಂದಳು. ಆಮೇಲೆ ಪರದೆಯನ್ನು ಸುಡುವಂತೆ ನೋಡಿ, "ಆ ಬಿಳೀ ಮನೆಗೋಳ್ ಯಾಕೆ? ಕಿತ್ತಾಕು. ಅಷ್ಟ್ ದೊಡ್ಡ ಟ್ರಾಕ್ಟ್ರು ಯಾವನ್ ತಾತನ್ ಗದ್ದೆಗೆ? ಕಿತ್ತಾಕು," ಎಂದಳು.

ಕಿತ್ತು ಹಾಕಿದೆ. ಸಂಜೆ ಶಾಲೆ ಮುಗಿಸಿ ಹೋದಾಗೆಲ್ಲ ಅದೇ ಕೆಲಸ. ಅತ್ತೆ ಯಾವುದನ್ನೂ ಮುಲಾಜಿಲ್ಲದೆ ಉಗಿದು ಹೊರಗೆ ಹಾಕಿಸುವಳು. ದೂರದ ಬೆಟ್ಟ ಹೋಯಿತು. ಎತ್ತಿನ ಗಾಡಿ ಹೋಯಿತು. ಹುಲ್ಲಿನ ಎಸಳುಗಳು ಹೋಗಿ ನೆಲ ಬರೀ ಹಸಿರಾಯಿತು. ಎಮ್ಮೆ ಇಂಟರ್‌ನೆಟ್ಟಿನಿಂದ ಬಂದದ್ದು, ಅದರ ಚರ್ಮದ ಚಿತ್ರವೇ ಇಡೀ ಊರಿಗಿಂತ ಭಾರವಾಗಿತ್ತು. ಒಂದೊಂದು ಕೂದಲನ್ನೂ ಬಿಡಿಸಿದ್ದರು.

"ಕರೀ ಎಮ್ಮೆಗೆ ಎಷ್ಟ್ ಬಣ್ಣ ಬೇಕೇ? ಮಂಚದ ಮೇಲ್ ಕುಂತು ಕೂದ್ಲು ಎಣುಸ್ತೀನಾ ನಾನು?"

ಆ ಚಿತ್ರವನ್ನು ಉದ್ದ ಅಗಲ ಎರಡರಲ್ಲೂ ಅರ್ಧ ಮಾಡಿದರೆ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೊಮ್ಮೆ ಅರ್ಧ ಮಾಡಿದೆ. ಆಟ ನಿಲ್ಲದೆ ಓಡಿತು. ನಾನು ಹಿಗ್ಗಿದೆ. ಅತ್ತೆಯ ತುಟಿ ಮಾತ್ರ ಹಿಂದೆ ಹೋಗಲಿಲ್ಲ.

"ಕೊಂಬು ಸುರುಳಿ ಸುತ್ಕೊಂಡದೆ. ಇದು ನಮ್ ಕಡೆ ಎಮ್ಮೆ ಅಲ್ಲ. ನಡೀತಾನೂ ಇಲ್ಲ, ಜಾರ್ತಾ ಅದೆ."

ನಮ್ಮ ಕಡೆಯ ಎಮ್ಮೆಯನ್ನು ಯಾರೂ ಮಾಡಿರಲಿಲ್ಲ. ನಾನೇ ಮಾಡಬೇಕಾಯಿತು. ಕಲಿತು, ಕೆಡಿಸಿ, ಮತ್ತೆ ಮಾಡಿ ತೋರಿಸಿದಾಗೆಲ್ಲ ಅತ್ತೆ ಇನ್ನಷ್ಟು ನೇರವಾಗಿ ಕೂತು ಇನ್ನಷ್ಟು ಹೀನಾಯವಾಗಿ ಬೈದಳು. ಹಿಂದಿನ ಕಾಲು ಹೇಗೆ ಎತ್ತಿಡುತ್ತದೆ ಎಂದು ತೋರಿಸಲು ಒಂದು ಸಂಜೆ ವಾಕರ್ ಹಿಡಿದು ಎದ್ದೇ ನಿಂತಳು. ಸೊಂಟ ಹೊರಳಿಸಿ ನಾಲ್ಕು ಹೆಜ್ಜೆ ಎಮ್ಮೆಯಂತೆ ನಡೆದಳು. ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. "ನಗು ನಗು," ಎಂದಳು ಅತ್ತೆ, "ನಿನ್ ನಡಿಗೆಗಿಂತ ಚೆಂದಾಗದೆ."

ಆಗ ಭಾವ ಬಂದ. ಹೊಸ ಕಂಪ್ಯೂಟರನ್ನು ಕಾರಿನಲ್ಲಿ ಹಾಕಿಕೊಂಡು, ಮುಖದ ತುಂಬ ಉದಾರತೆ ಹೊತ್ತುಕೊಂಡು. ಕೊಡುವ ಕೈಯನ್ನು ಊರೆಲ್ಲ ನೋಡಬೇಕು ಅವನಿಗೆ.

"ಅವ್ವ, ಇದ್ರಾಗೆ ಮೆಮೊರಿ ಬೇಕಾದಂಗದೆ. ನೂರು ಎಮ್ಮೆ ಆಕ್ಕೊ, ನಿಲ್ಲಾಕಿಲ್ಲ."

ಅತ್ತೆ ಪೆಟ್ಟಿಗೆಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ. "ಆ ಕೊಟ್ಟಿಗೆ ಎಂಗೂ ಖಾಲಿ ಬಿದ್ದದೆ. ಕೆಡವಿ ಕಾರಿಗೆ ಒಂದ್ ಶೆಡ್ ಮಾಡ್ಕೋತೀನಿ."

"ಓ," ಎಂದಳು ಅತ್ತೆ. "ನಿಜವಾದ್ ಎಮ್ಮೆ ಮಾರ್ಕೊಂಡೆ. ಈಗ ಸುಳ್ ಎಮ್ಮೆಗೆ ಜಾಗ ಕೊಟ್ಟು ನಿಜವಾದ್ ಕೊಟ್ಟಿಗೆ ತಗೋತೀಯ. ಓದ್ಸಿದ್ದು ಸಾರ್ಥಕ ಆಯ್ತು ಕಣ್ಲಾ."

"ಅಂಗಲ್ಲವ್ವ..."

"ಎತ್ಕೊಂಡ್ ಓಗ್ ನಿನ್ ಪೆಟ್ಗೆಯ. ನಾನಿರೋ ಗಂಟ ಅದು ಕೊಟ್ಟಿಗೆ. ನಿನ್ ಕಾರು ಬಿಸ್ಲಲ್ಲಿ ಬೇಯ್ಲಿ."

ಭಾವ ನನ್ನ ಕಡೆ ನೋಡಿದ, ನಾನೇನೋ ಹೇಳಿಕೊಟ್ಟೆನೆಂಬಂತೆ. ಅಂಥವರಿಗೆ ಬೇರೆ ವಿವರಣೆ ಹೊಳೆಯುವುದಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೋದ.

ಅತ್ತೆ ಹೊಳಲಿಗೆ ಫೋನು ಮಾಡಿಸಿ ತನಗೊಂದು ಎಮ್ಮೆ ಬೇಕೆಂದು ನನ್ನ ಅಪ್ಪನಿಗೆ ಹೇಳಿದಳು. ಅಪ್ಪ ಅಕ್ಕನಿಗೆ ಎದುರಾಡಿದವರಲ್ಲ. ಗಬ್ಬದ ಎಮ್ಮೆಯೊಂದನ್ನು ಟೆಂಪೋದಲ್ಲಿ ತಂದು ಇಳಿಸಿದರು. ಅತ್ತೆ ವಾಕರ್ ಹಿಡಿದು ಅಂಗಳ ದಾಟಿ ಹೋಗಿ ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸಗಣಿ ಬಾಚಲು ಪಕ್ಕದ ಮನೆಯವಳನ್ನು ಗೊತ್ತು ಮಾಡಿ, ಅವಳ ಬಾಚುವ ರೀತಿಯನ್ನು ದಿನವೂ ಹೀಯಾಳಿಸಿದಳು. ಕಂಪ್ಯೂಟರಿನ ಕಡೆ ಮತ್ತೆ ತಿರುಗಿ ನೋಡಲಿಲ್ಲ. "ವಾಸ್ನೇನೇ ಇಲ್ದಿರೋದು," ಎಂದಳು ಅಷ್ಟೇ.

ನಾನು ಮಾತ್ರ ಬಿಡಲಿಲ್ಲ. ನಾನು ಮಾಡಿದ ಆಟದ ಎಮ್ಮೆಯನ್ನು ಹಳೇ ಕಂಪ್ಯೂಟರಿನವರಿಗಾಗಿ ಎಂದು ಬರೆದು ಇಂಟರ್‌ನೆಟ್ಟಿಗೆ ಹಾಕಿದೆ. ಎಲ್ಲೆಲ್ಲಿಂದಲೋ ಜನ ತೆಗೆದುಕೊಂಡರು. ಹಳ್ಳಿಕಾರ್ ಎತ್ತು ಮಾಡಿದೆ, ಬಂಡೂರು ಕುರಿ ಮಾಡಿದೆ. ಒಂದೊಂದನ್ನೂ ಮಾಡುವಾಗ ಬೇಡದ್ದನ್ನು ಕಂಡುಹಿಡಿಯಲು ಅತ್ತೆಯ ಕಣ್ಣಿನಿಂದ ನೋಡುತ್ತೇನೆ. ಬೇರೆಯವರು ಹೊಗಳಿದ್ದು ಇಷ್ಟು ಉಪಯೋಗಕ್ಕೆ ಬಂದಿಲ್ಲ. ಅತ್ತೆ ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲ.

ಕೆಲವು ವರ್ಷಗಳ ನಂತರ ಅತ್ತೆ ಮತ್ತೆ ಮಂಡ್ಯದ ಆಸ್ಪತ್ರೆ ಸೇರಿದಳು. ಈ ಸಲ ಎದೆಯ ತೊಂದರೆ. ನಾನು ಹೋದಾಗ ನರ್ಸಿನ ಜಡೆಯನ್ನು ಹಳಿಯುತ್ತಿದ್ದಳು, ದನಿ ಮಾತ್ರ ಸಣ್ಣಗಾಗಿತ್ತು. ಪಕ್ಕದ ಹಾಸಿಗೆಯ ಹೆಂಗಸು ನನ್ನನ್ನು ನೋಡಿ ವಿಚಾರಿಸಿದಳು.

"ಯಾರಮ್ಮ ಇವ್ಳು, ಮಗಳಾ? ಏನ್ ಕೆಲ್ಸದಲ್ಲವ್ಳೆ?"

"ನನ್ ತಮ್ಮನ ಮಗಳು," ಎಂದಳು ಅತ್ತೆ. "ಎಮ್ಮೆ ಮಾಡ್ತಾಳೆ."

ಆ ಹೆಂಗಸಿಗೆ ಅರ್ಥವಾಗಲಿಲ್ಲ. ಎಮ್ಮೆ ಸಾಕ್ತಾಳಾ ಎಂದು ಕೇಳಿದಳು. ಅತ್ತೆ ಅವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಇಂಥವರಿಗೆ ಬಿಡಿಸಿ ಹೇಳಿ ಉಪಯೋಗವಿಲ್ಲ ಎಂಬಂತೆ ಆ ಕಡೆಗೆ ಮಗ್ಗುಲಾದಳು. ಆ ವಾರವೇ ತೀರಿಕೊಂಡಳು.