ಜಿಲೇಬಿಯ ಡಾಕ್ಟರ್ ಖಾಲಿ ಬಿಟ್ಟ ಸಾಲು

ಸಾಲೋಟಗಿ ಡಾಕ್ಟರರ ಅಂಗೈ ಊಟದ ತಟ್ಟೆಯಷ್ಟು ಅಗಲವಿತ್ತು. ಮುಂಬೈಯ ಜೋಗೇಶ್ವರಿಯ ತಬೇಲಾಗಳಲ್ಲಿ, ಆ ದೊಡ್ಡ ಕೊಟ್ಟಿಗೆಗಳಲ್ಲಿ, ಮೂವತ್ತು ವರ್ಷ ಎಮ್ಮೆಗಳ ಹೆರಿಗೆ ಮಾಡಿಸಿದ ಕೈ ಅದು. ಅಂಥ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ನಲವತ್ತು ಗ್ರಾಂ ತೂಕದ ಒಂದು ಹಲ್ಲಿ ತಾನಾಗಿ ಬಂದು ಹತ್ತಲಿ ಎಂದು ಅವರು ಕಾಲು ಗಂಟೆ ಕಾಯುವುದನ್ನು ನಾನು ಕಂಡಿದ್ದೇನೆ. ಹೊರಗೆ ಬೆಂಚಿನ ಮೇಲೆ ನಾಯಿ ಬೆಕ್ಕಿನವರು ಗಡಿಯಾರ ನೋಡಿಕೊಳ್ಳುತ್ತ ಗೊಣಗುತ್ತಿದ್ದರೂ ಅವರಿಗೆ ಅದರ ಪರಿವೆ ಇರಲಿಲ್ಲ.

"ಹಿಡಿಯಾಕ ಹೋದ್ರ ಬಾಲ ಬಿಟ್ಟು ಓಡ್ತದ. ಅಂಗೈ ಕೊಡ್ರಿ, ಮುಷ್ಟಿ ಕೊಡಬ್ಯಾಡ್ರಿ," ಎನ್ನುವರು. ಆಮೇಲೆ ಹಲ್ಲಿಗೆ, "ಬಾ ನನ್ನವ್ವ, ನಿಂಗೇನ್ ಲೋಕಲ್ ಟ್ರೇನ್ ತಪ್ಪತದೇನು?"

ಆ ಹಲ್ಲಿ ನಮ್ಮದು. ನಮ್ಮದು ಎನ್ನಲು ಆಗ ನನಗೆ ಬಾಯಿ ಬರುತ್ತಿರಲಿಲ್ಲ ಅನ್ನಿ. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಂಡು ದೇವರಿಗೆ ದೀಪ ಹಚ್ಚುವ ಧಾರವಾಡದ ಮನೆತನ ನನ್ನದು. ಒಂಬತ್ತನೇ ಕ್ಲಾಸಿನ ಮಗಳು ಮುಕ್ತಾ ಮಲಾಡಿನ ನಮ್ಮ ಒಂದೇ ಬೆಡ್‌ರೂಮಿನ ಮನೆಗೆ ಗಾಜಿನ ಪೆಟ್ಟಿಗೆಯಲ್ಲಿ ಹಳದಿ ಮೈಯ, ಕಪ್ಪು ಚುಕ್ಕೆಯ ಗೆಕ್ಕೋ ಎಂಬ ಸಾಕು ಹಲ್ಲಿ ತಂದಾಗ ನಾನು ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದೆ. ಅವಳು ಅದಕ್ಕೆ ಜಿಲೇಬಿ ಎಂದು ಹೆಸರಿಟ್ಟಳು. ತಿನ್ನುವ ಪದಾರ್ಥದ ಹೆಸರೇ ಬೇಕಿತ್ತೇ ಎಂದು ಅದಕ್ಕೂ ಜಗಳ ತೆಗೆದೆ.

ಆರು ತಿಂಗಳಿಗೆ ಜಿಲೇಬಿ ತಿನ್ನುವುದನ್ನು ಬಿಟ್ಟಿತು. ಗೆಕ್ಕೋ ತನ್ನ ಕೊಬ್ಬನ್ನೆಲ್ಲ ಬಾಲದಲ್ಲಿ ಕೂಡಿಡುತ್ತದಂತೆ. ಹೆಬ್ಬೆರಳಿನಷ್ಟು ದಪ್ಪವಿದ್ದ ಬಾಲ ಊದುಬತ್ತಿಯಂತಾಯಿತು. ಮಲಾಡಿನ ನಾಯಿ ಡಾಕ್ಟರರಿಬ್ಬರು ಕೈಚೆಲ್ಲಿಬಿಟ್ಟರು. ದಾದರಿನ ನನ್ನ ಆಫೀಸಿನಲ್ಲಿ ಯಾರೋ ಹೇಳಿದರೆಂದು ವಡಾಲದ ಒಂದು ಹಳೇ ಕಾಲೋನಿಯ ನೆಲಮಾಳಿಗೆಯಲ್ಲಿದ್ದ ಸಾಲೋಟಗಿ ಡಾಕ್ಟರರ ಖೋಲಿ ಹುಡುಕಿಕೊಂಡು ಹೋದೆವು. ನಾನು ಹಿಂದಿಯಲ್ಲಿ ಶುರು ಮಾಡಿದ್ದೇ ತಡ, ಡಾಕ್ಟರರು ಕನ್ನಡಕದ ಮೇಲಿಂದ ನೋಡಿ, "ನೀವು ಧಾರವಾಡದ ಕಡೆಯವರೇನ್ ತಂಗಿ? ನಾವು ಇಂಡಿ ತಾಲೂಕು," ಎಂದರು.

ಅವರು ಜಿಲೇಬಿಯನ್ನು ಬಂಗಾರ ತೂಗುವ ಸರಾಫರ ತಕ್ಕಡಿಯಲ್ಲಿ ತೂಗಿದರು. "ನನಗ ಹಲ್ಲಿ ಬಗ್ಗೆ ಭಾಳ ಗೊತ್ತಿಲ್ಲ. ಓದಿ ಹೇಳ್ತೀನಿ. ನಾಳೆ ಇದರ ಹಿಕ್ಕೆ ತರ್ರಿ, ತಾಜಾ ಇರಬೇಕು, ಒಣಗಬಾರದು," ಎಂದರು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ಮುಂಬೈಯಲ್ಲಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮಾಡಿದ್ದನ್ನು ನಮ್ಮ ಕಡೆಯ ಹೆಂಗಸೇ ಮಾಡಬೇಕು. ಬಿಗಿಯಾದ ಮುಚ್ಚಳದ ಡಬ್ಬಿ ಬೇಕೆಂದು ಹುಡುಕಿ, ಹಳೆಯ ಕುಂಕುಮ ಭರಣಿಯೊಂದನ್ನು ಖಾಲಿ ಮಾಡಿ, ಒದ್ದೆ ಹತ್ತಿಯ ಮೇಲೆ ಹಿಕ್ಕೆಯನ್ನಿಟ್ಟು ಪರ್ಸಿಗೆ ಹಾಕಿಕೊಂಡು ಮುಕ್ತಾಳ ಜೊತೆ ಹೊರಟೆ. ಸಂಕ್ರಾಂತಿಯ ದಿನಗಳು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಮರಾಠಿ ಗೆಳತಿಯರು ಹಳದಿ ಕುಂಕು, ಅಂದರೆ ನಮ್ಮ ಅರಿಶಿನ ಕುಂಕುಮ, ನಡೆಸಿದ್ದರು. ಟಿಕೆಟ್ ಪಾಸ್ ತೆಗೆಯುವಾಗ ಭರಣಿ ಕಂಡಿದ್ದೇ, "ಅಗ, ನೀನೂ ತಂದಿದ್ದೀಯಾ!" ಎಂದು ಒಬ್ಬಳು ಕೈ ಹಾಕಿದಳು. ಅದನ್ನು ಎದೆಗವಚಿಕೊಂಡು ಅಂಧೇರಿಯಿಂದ ದಾದರಿನವರೆಗೆ ನಿಂತೇ ಬಂದೆ. ಅವಳು ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಳು.

ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ ಡಾಕ್ಟರರ ಮುಖ ಇಳಿಯಿತು. "ಕೆಂಪು ಕಾಣಾಕತ್ತದ," ಎಂದರು. ರಕ್ತವಾದರೆ ಉಳಿಯುವುದು ಕಷ್ಟ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮುಕ್ತಾಳ ಗಲ್ಲದ ಮೇಲೆ ಆಗಲೇ ನೀರು ಇಳಿದಿತ್ತು. ಮತ್ತೆ ನೋಡಿದರು. ಭರಣಿ ಎತ್ತಿ ಮೂಸಿದರು. ಆಮೇಲೆ ಇಡೀ ಖೋಲಿ ಅಲುಗುವ ಹಾಗೆ ನಕ್ಕರು.

"ತಂಗಿ, ಹಲ್ಲೀನ ಮುತ್ತೈದಿ ಮಾಡೀರಲ್ಲ! ಇದು ರಕ್ತ ಅಲ್ಲ, ಕುಂಕುಮ. ಆದ್ರ ಜಂತುಹುಳದ ತತ್ತಿ ಮಾತ್ರ ಭರಪೂರ ಅದಾವ."

ಮುಕ್ತಾಳನ್ನು ಮೇಜಿನ ಮೇಲಿದ್ದ ನೀರಿನ ಬಟ್ಟಲು ತೊಳೆದು ತರಲು ಕಳಿಸಿದರು. ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು. "ಅಂಗಡಿ ಡಬ್ಬಿ ಹುಳ ಬಿಟ್ಟು ಬ್ಯಾರೆ ಏನರ ತಿನ್ನಸ್ತೀರೇನು?"

ಸುಳ್ಳು ಹೇಳಬಹುದಿತ್ತು. ಆ ಅಂಗೈ ಮೇಜಿನ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಹೇಳಿಬಿಟ್ಟೆ. ಮುಕ್ತಾ ಟ್ಯೂಶನ್ನಿಗೆ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಬಾಲ್ಕನಿಯ ಟ್ಯೂಬ್‌ಲೈಟಿಗೆ ಬರುವ ಹುಳ ಹಿಡಿದು ಜಿಲೇಬಿಗೆ ತಿನ್ನಿಸುತ್ತಿದ್ದೆ. ಅಂಗಡಿಯ ಡಬ್ಬಿ ಹುಳ ತಿಂದು ಜೀವಕ್ಕೆ ಏನು ಹಿತವಾದೀತು, ಮನೆಯ ಊಟ ಬೇಡವೇ ಎಂದುಕೊಂಡಿದ್ದೆ. ಹಗಲೆಲ್ಲ ಬೈದು ಸಂಜೆ ಮುದ್ದು ಮಾಡುವುದು ಮಗಳಿಗೆ ಗೊತ್ತಾದರೆ ಮಾನ ಹೋದೀತು ಎಂದು ಬಾಯಿ ಬಿಟ್ಟಿರಲಿಲ್ಲ.

"ಆ ಟ್ಯೂಬ್‌ಲೈಟಿನ ಹಿಂದ ಗ್ವಾಡಿ ಹಲ್ಲಿ ಸಂಸಾರ ಇರತದ ನೋಡ್ರಿ. ಅವುಗಳ ಹಿಕ್ಕಿ ಮ್ಯಾಲೆ ಹುಳ ಕುಂತಿರತಾವ. ಜಂತು ಹಂಗ ಬಂದಾವ," ಎಂದರು. ಬೈಯಲಿಲ್ಲ.

ಅಷ್ಟರಲ್ಲಿ ಮುಕ್ತಾ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಜಂತು ಎಂಬ ಕೊನೆಯ ಮಾತಷ್ಟೇ ಅವಳ ಕಿವಿಗೆ ಬಿದ್ದಿತ್ತು. "ಡಾಕ್ಟರ್ ಅಂಕಲ್, ನನ್ನಿಂದಾನೇ ಆಯ್ತು. ಎಕ್ಸಾಮ್ ಅಂತ ನಾಲ್ಕು ದಿನ ಜಿಲೇಬಿ ಬಾಕ್ಸಿನ ಪೇಪರ್ ಚೇಂಜ್ ಮಾಡಿಲ್ಲ ನಾನು," ಎಂದು ಬಿಕ್ಕಿದಳು. ಡಾಕ್ಟರರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಪೇಪರಿನಿಂದ ಅಲ್ಲವಾ ಕೂಸ," ಎಂದರು ಅವರು. ತನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆಂದೇ ಅವಳು ತಿಳಿದಳು.

ಹೊರಡುವಾಗ ನನಗಷ್ಟೇ ಕೇಳುವಂತೆ, "ಹೇಳೋದು ನಿಮ್ಮ ಕೆಲಸ ತಂಗಿ. ನಾ ಹೇಳಾಂಗಿಲ್ಲ," ಎಂದರು.

ಔಷಧಿಯ ಹನಿಯನ್ನು ಮೂತಿಯ ತುದಿಗೆ ಮುಟ್ಟಿಸಿದರೆ ಜಿಲೇಬಿ ತಾನೇ ನೆಕ್ಕಿಕೊಳ್ಳುತ್ತಿತ್ತು. ಹದಿನೈದು ದಿನಕ್ಕೊಮ್ಮೆ ವಡಾಲ. ಡಾಕ್ಟರರು ಪ್ರತಿ ಪ್ರಾಣಿಗೂ ಒಂದು ರಟ್ಟಿನ ಕಾರ್ಡು ಮಾಡಿ, ಚಪ್ಪಲಿ ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ದರು. ಕಾರ್ಡೆಲ್ಲ ಕನ್ನಡದಲ್ಲಿ. ತೂಕ, ಲಕ್ಷಣ, ಕಾರಣ, ಔಷಧ. ಒಂದು ಸಾಲನ್ನೂ ಖಾಲಿ ಬಿಡುವವರಲ್ಲ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎಂದು ದುಂಡಗೆ ಬರೆಯುವರು. "ಖಾಲಿ ಬಿಟ್ರ ನಾ ಮರೆತೆನೋ, ತಿಳೀಲಿಲ್ಲೋ, ನಾಳೆ ನನಗ ಹ್ಯಾಂಗ ಗೊತ್ತಾಗಬೇಕು?"

ಬಾಲ ಮತ್ತೆ ದಪ್ಪವಾಯಿತು. ಮುಕ್ತಾ ಮಾತ್ರ ಸರಿಹೋಗಲಿಲ್ಲ. ದಿನಕ್ಕೆರಡು ಸಲ ಪೇಪರ್ ಬದಲಿಸುವಳು, ಸಿಪ್ಪೆ ಏಳುವವರೆಗೆ ಕೈ ತೊಳೆಯುವಳು, ಕ್ಲಾಸಿನ ಪಿಕ್ನಿಕ್ಕಿಗೂ ಹೋಗಲಿಲ್ಲ. ನಾನು ನೋಡುತ್ತಿದ್ದೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಕುಕ್ಕರ್ ಕೂಗಿತು ಎಂದು ಎದ್ದು ಹೋಗುತ್ತಿದ್ದೆ. ನಾಚಿಕೆಗೇಡಿನ ಮಾತು, ಆದರೆ ನಿಜ.

ಕೊನೆಯ ಸಲ ಹೋದಾಗ ಡಾಕ್ಟರರು ಸೊರಗಿದ್ದರು, ಆ ದೊಡ್ಡ ಕೈಯ ಎಲುಬು ಕಾಣುತ್ತಿತ್ತು. ಜಿಲೇಬಿ ಹತ್ತಿ ಕೂತಿತು, ಇಳಿಯಲೊಲ್ಲದು. "ಆ ಹೇಳೋ ಕೆಲಸ ಇನ್ನೂ ಆಗಿಲ್ಲೇನು?" ಎಂದು ನನ್ನನ್ನು ಕೇಳಿದರು. "ಇಲ್ರಿ," ಎಂದೆ. "ಆಗ್ತದ ಬಿಡ್ರಿ," ಎಂದರು.

ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಅವರ ಮನೆಯಾಕೆ ಫೋನ್ ಮಾಡಿ, "ಕಾರ್ಡುಗಳನ್ನ ರದ್ದಿಗೆ ಹಾಕಾಕ ಮನಸ್ಸು ಬರವೊಲ್ದು, ನಿಮ್ಮದು ಒಯ್ರಿ," ಎಂದರು. ಆ ಖೋಲಿಯಲ್ಲಿ ಮೇಜು ಖಾಲಿಯಾಗಿತ್ತು. ಅಷ್ಟು ದೊಡ್ಡ ಮೇಜೆಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲೇ ನಿಂತು ಅತ್ತೆ.

ಮನೆಯಲ್ಲಿ ಮುಕ್ತಾ ಕಾರ್ಡು ಹಿಡಿದು ಕೂತಳು. ಅವಳಿಗೆ ಕನ್ನಡ ಓದಲು ಬಾರದು. "ಅಮ್ಮಾ, ಪಢ್ ಕೇ ಹೇಳು ನಾ," ಎಂದಳು. ಓದಿದೆ. ತೂಕ ಓದಿದೆ, ಲಕ್ಷಣ ಓದಿದೆ. ಅವಳು ಬೆರಳಿಟ್ಟು, "ಇಲ್ಲಿ ಏನೂ ಬರೆದಿಲ್ಲ. ಅಂಕಲ್ ಬ್ಲ್ಯಾಂಕ್ ಯಾಕೆ ಬಿಟ್ಟಿದ್ದಾರೆ?" ಎಂದಳು.

ಅದು 'ಕಾರಣ'ದ ಸಾಲು. ಒಂದು ಸಾಲನ್ನೂ ಖಾಲಿ ಬಿಡದ ಮನುಷ್ಯ ನನಗಾಗಿ ಅದನ್ನು ಬಿಟ್ಟು ಹೋಗಿದ್ದರು.

ಪೆನ್ನು ತೆಗೆದುಕೊಂಡೆ. ಒಂದೊಂದೇ ಶಬ್ದ ಗಟ್ಟಿಯಾಗಿ ಹೇಳುತ್ತ ಬರೆದೆ. "ತಾಯಿ ಕದ್ದು ತಿನ್ನಿಸಿದ ಬಾಲ್ಕನಿಯ ಹುಳ. ಮಗಳ ತಪ್ಪಲ್ಲ."

ಮುಕ್ತಾ ಆ ಸಾಲಿನ ಮೇಲೆ ಬೆರಳು ಎಳೆದಳು. "ಇಷ್ಟು ದಿನ ನನ್ನಿಂದಾನೇ ಅಂದ್ಕೊಂಡಿದ್ದೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು, ತನ್ನ ಅಂಗೈಯನ್ನು ಒಳಗೆ ಅಂಗಾತ ಇಟ್ಟಳು. "ನೀನೂ ಇಡು," ಎಂದಳು. ಇಟ್ಟೆ. ಜಿಲೇಬಿ ಇಬ್ಬರ ಕೈಯನ್ನೂ ನೋಡಿತು. ಕತ್ತಲಾಗುವ ಹೊತ್ತು, ನಾನು ಹುಳ ತರುತ್ತಿದ್ದ ಹೊತ್ತು. ಅದು ಸೀದಾ ನಡೆದು ಬಂದು ನನ್ನ ಕೈ ಹತ್ತಿತು.

"ಚೋರ್," ಎಂದಳು ಮುಕ್ತಾ, ನನ್ನ ಭುಜಕ್ಕೆ ತಲೆ ಆನಿಸಿ.